ಹಳೆ ಬೈಕಿಗೆ ಹೊಸ ಟೈರ್: ಗಾಡಿ ಹೆಸರು ಬಿಡಿ, ರಿಮ್ ನೋಡಿ

ಅಂಗಡಿಗೆ ಹೋಗಿ "ಆರ್‌ಎಕ್ಸ್ 100ಕ್ಕೆ ಹಿಂದಿನ ಟೈರ್ ಕೊಡಿ" ಅಂದರೆ ಒಂದು ಟೈರ್ ಅಂತೂ ಸಿಗುತ್ತದೆ. ಅದು ನಿಮ್ಮ ಗಾಡಿಗೆ ಸರಿಯಾಗಿ ಕೂರುತ್ತದಾ ಅನ್ನೋದು ಬೇರೆ ಮಾತು. ಯಮಹಾದ ಆರ್‌ಎಕ್ಸ್ 100 ಬಂದಿದ್ದು 1985ರಲ್ಲಿ, ನಿಂತಿದ್ದು 1996ರಲ್ಲಿ. ಜಾವಾ, ಯೆಜ್ಡಿ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಹಾಗಾಗಿ ಇವತ್ತು ರೋಡಿನಲ್ಲಿ ಓಡುತ್ತಿರುವ ಹಳೆ ಯೆಜ್ಡಿ, ಆರ್‌ಎಕ್ಸ್, ಹಳೆ ಬುಲೆಟ್ ಯಾವುದೇ ಆಗಲಿ, ಅದು ಮೂರ್ನಾಲ್ಕು ಓನರ್ ಕೈ ದಾಟಿ ಬಂದಿರುವ ಸಾಧ್ಯತೆಯೇ ಜಾಸ್ತಿ. ಒಬ್ಬರು ತುಕ್ಕು ಹಿಡಿದ ರಿಮ್ ತೆಗೆಸಿ ಕೈಗೆ ಸಿಕ್ಕ ಇನ್ನೊಂದು ಹಾಕಿಸಿರುತ್ತಾರೆ, ಇನ್ನೊಬ್ಬರು ಬೇರೆ ಗಾಡಿಯ ಅಲಾಯ್ ಚಕ್ರ ಕೂರಿಸಿರುತ್ತಾರೆ, ಮತ್ತೊಬ್ಬರು ದಪ್ಪ ಕಾಣಲಿ ಅಂತ ಎರಡು ಸೈಜ್ ಮೇಲಿನ ಟೈರ್ ತುರುಕಿರುತ್ತಾರೆ.

ಅದಕ್ಕೇ ಗಾಡಿ ಹೆಸರು ಹೇಳಿ ಟೈರ್ ಕೇಳಬೇಡಿ. ಈಗ ಹಾಕಿರುವ ಟೈರಿನ ನಂಬರ್ ಹೇಳಿಯೂ ಕೇಳಬೇಡಿ. ಆ ನಂಬರೇ ತಪ್ಪಿರಬಹುದು ಅಲ್ವಾ?

ಮೊದಲು ರಿಮ್ ಒರೆಸಿ ನೋಡಿ. ವಾಲ್ವ್ ತೂತಿನ ಹತ್ತಿರ ಅಥವಾ ಕಡ್ಡಿಗಳ ನಡುವೆ ಎಲ್ಲೋ ಒಂದು ಕಡೆ ಅಳತೆ ಒತ್ತಿರುತ್ತಾರೆ. 1.60×18 ಅಂತಲೋ, 1.85×18 ಅಂತಲೋ, ಬುಲೆಟ್ ಆದರೆ ಡಬ್ಲ್ಯುಎಂ2-19 ಅಂತಲೋ ಇರುತ್ತದೆ. ಕ್ರೋಮ್ ಹೋಗಿ ತುಕ್ಕು ತುಂಬಿದ್ದರೆ ವೈರ್ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಟಾರ್ಚ್ ಅಡ್ಡ ಹಿಡಿದು ನೋಡಿ, ಅಕ್ಷರ ಏಳುತ್ತದೆ. ಮೊದಲ ಅಂಕಿ ರಿಮ್ಮಿನ ಒಳ ಅಗಲ, ಇಂಚಿನಲ್ಲಿ. ಎರಡನೆಯದು ರಿಮ್ಮಿನ ವ್ಯಾಸ, ಅದೂ ಇಂಚಿನಲ್ಲೇ. ಡಬ್ಲ್ಯುಎಂ ಅನ್ನೋದು ಇಂಗ್ಲಿಷ್ ಗಾಡಿಗಳ ಕಾಲದ ಲೆಕ್ಕ: ಡಬ್ಲ್ಯುಎಂ1 ಅಂದರೆ 1.60 ಇಂಚು, ಡಬ್ಲ್ಯುಎಂ2 ಅಂದರೆ 1.85, ಡಬ್ಲ್ಯುಎಂ3 ಅಂದರೆ 2.15. ಏನೂ ಕಾಣದಿದ್ದರೆ ಟೈರ್ ಬಿಚ್ಚಿದಾಗ ಒಳಗಿನ ಅಂಚಿನಿಂದ ಅಂಚಿಗೆ ಅಳೆಯಿರಿ. ಹೊರಗಿನಿಂದ ಅಳೆದರೆ ರಿಮ್ ತುಟಿಯ ದಪ್ಪವೂ ಸೇರಿ ಲೆಕ್ಕ ಕೆಡುತ್ತದೆ.

ವ್ಯಾಸದಲ್ಲಿ ರಾಜಿ ಇಲ್ಲ. 18 ಇಂಚಿನ ರಿಮ್ಮಿಗೆ 18ರ ಟೈರ್, 19ಕ್ಕೆ 19. "ಸ್ವಲ್ಪ ಒತ್ತಿದ್ರೆ ಕೂರುತ್ತೆ ಸಾರ್" ಅನ್ನುವವರ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ.

ಈಗ ಟೈರಿನ ಮೇಲಿನ ನಂಬರ್. ಹಳೆ ಗಾಡಿಗಳದ್ದು ಇಂಚಿನ ಲೆಕ್ಕ. 3.25-19 ಅಂದರೆ ಅಗಲ 3.25 ಇಂಚು, ರಿಮ್ 19 ಇಂಚು. ಈ ಹಳೆ ಅಳತೆಯಲ್ಲಿ ಟೈರಿನ ಎತ್ತರ ಹೆಚ್ಚುಕಮ್ಮಿ ಅಗಲದಷ್ಟೇ ಅಂತ ಇಟ್ಟುಕೊಳ್ಳಬಹುದು. ಹೊಸ ಲೆಕ್ಕ 90/90-19 ಥರ ಇರುತ್ತದೆ. ಮೊದಲ 90 ಮಿಲಿಮೀಟರ್‌ನಲ್ಲಿ ಅಗಲ, ಎರಡನೇ 90 ಅಂದರೆ ಎತ್ತರವು ಅಗಲದ 90 ಪರ್ಸೆಂಟ್, ಕೊನೆಯದು ಮಾತ್ರ ಈಗಲೂ ಇಂಚಿನ ರಿಮ್. ಅಂಗಡಿಯಲ್ಲಿ ನೀವು ಕೇಳಿದ ಇಂಚಿನ ಸೈಜ್ ಇಲ್ಲದಿದ್ದರೆ ಇದನ್ನೇ ಮುಂದಿಡುತ್ತಾರೆ, ಆದ್ದರಿಂದ ಗೊತ್ತಿರಲಿ.

ಕಾರ್ಖಾನೆಯಿಂದ ಬಂದಾಗ ಏನಿತ್ತು ಅಂತ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಆರ್‌ಎಕ್ಸ್ 100ಕ್ಕೆ ಮುಂದೆ 2.50-18, ಹಿಂದೆ 2.75-18. ರಾಜದೂತ್ 350ಕ್ಕೆ ಮುಂದೆ 3.00-18, ಹಿಂದೆ 3.50-18. ಹಳೆ ಸ್ಟ್ಯಾಂಡರ್ಡ್ ಬುಲೆಟ್‌ಗೆ ಎರಡೂ ಕಡೆ 3.25-19. ಹಳೆ ಸ್ಪ್ಲೆಂಡರ್‌ಗೆ ಎರಡೂ ಕಡೆ 2.75-18. ಮೈಸೂರಿನ ಮೊದಲ ಕಾಲದ 250 ಸಿಸಿ ಜಾವಾಗಳಿಗೆ ಎರಡೂ ಕಡೆ 3.25-16. ನಿಮ್ಮ ರಿಮ್ ಈ ಪಟ್ಟಿಗೆ ಹೊಂದಿದರೆ ಅದೇ ಸೈಜ್ ತಗೊಳ್ಳಿ, ಸೈಜ್ ಬದಲಿಸುವ ಮಾತು ಬಿಟ್ಟು ಉಳಿದದ್ದು ಓದಿದರೆ ಸಾಕು. ಹೊಂದದಿದ್ದರೆ, ಅಥವಾ ಒಂದು ಸೈಜ್ ದಪ್ಪ ಹಾಕುವ ಆಸೆ ಇದ್ದರೆ, ಅದನ್ನೂ ಓದಿ.

ದಪ್ಪ ಟೈರ್ ಹಾಕಿದರೆ ಗ್ರಿಪ್ ಜಾಸ್ತಿ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆರ್‌ಎಕ್ಸ್ 100ಕ್ಕೆ ಪಲ್ಸರ್‌ನ 100/90-18 ಹಾಕಿಕೊಂಡು ಓಡಾಡುವವರನ್ನು ಪ್ರತಿ ಊರಿನಲ್ಲೂ ನೋಡಬಹುದು. ಹಿಂದಿನಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ, ಸುಳ್ಳು ಹೇಳೋದಿಲ್ಲ. ಆದರೆ 100/90 ಟೈರಿಗೆ ಕಮ್ಮಿ ಅಂದರೂ 2.15 ಇಂಚಿನ ರಿಮ್ ಬೇಕು, ಸರಿಯಾಗಿ ಕೂರಬೇಕಾದರೆ 2.50 ಬೇಕು. ಅದನ್ನು 1.60 ರಿಮ್ಮಿಗೆ ಹಾಕಿದರೆ ಎರಡೂ ಬದಿ ಒಳಕ್ಕೆ ಎಳೆದುಕೊಳ್ಳುತ್ತದೆ. ಟೈರಿನ ಮೇಲ್ಭಾಗ ಮೊಟ್ಟೆಯ ತುದಿ ಥರ ಚೂಪಾಗುತ್ತದೆ. ನೇರ ಹೋಗುವಾಗ ನೆಲ ಮುಟ್ಟುವುದು ನಡುವಿನ ಒಂದು ಪಟ್ಟಿ ಮಾತ್ರ, ಅದೇ ಪಟ್ಟಿ ಬೇಗ ಸವೆಯುತ್ತದೆ. ತಿರುವಿನಲ್ಲಿ ಗಾಡಿ ಮೊದಲು ಬಾಗೋದಿಲ್ಲ ಅನ್ನುತ್ತದೆ, ಆಮೇಲೆ ಒಮ್ಮೆಲೇ ಬೀಳುವ ಹಾಗೆ ಬಾಗುತ್ತದೆ. ದುಡ್ಡು ಕೊಟ್ಟು ಗ್ರಿಪ್ ಕಮ್ಮಿ ಮಾಡಿಕೊಂಡಂತೆ.

ಇನ್ನೊಂದು ಲೆಕ್ಕ ಇದೆ. 2.75-18 ಟೈರಿನ ಒಟ್ಟು ವ್ಯಾಸ ಸುಮಾರು 600 ಮಿಲಿಮೀಟರ್. 100/90-18ದ್ದು ಸುಮಾರು 637. ಅಂದರೆ ಚಕ್ರ 6 ಪರ್ಸೆಂಟ್ ದೊಡ್ಡದಾಯಿತು. ಹಿಂದಿನ ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲಿನ ಚಕ್ರ) ಹಲ್ಲು ಕಮ್ಮಿ ಮಾಡಿದಷ್ಟೇ ಪರಿಣಾಮ. ಆರ್‌ಎಕ್ಸ್‌ಗೆ ಇರೋದು 98 ಸಿಸಿ, 11 ಕುದುರೆ. ಆ ಗಾಡಿಯ ಮಜಾ ಇರೋದೇ ಪಿಕಪ್‌ನಲ್ಲಿ, ಅದನ್ನೇ ಕಳೆದುಕೊಂಡು "ಯಾಕೋ ಮೊದಲಿನ ಹಾಗೆ ಎಳೀತಾ ಇಲ್ಲ, ಕಾರ್ಬುರೇಟರ್ ಬಿಚ್ಚಿ ನೋಡಿ" ಅಂತ ಮೆಕ್ಯಾನಿಕ್ ತಲೆ ತಿನ್ನುತ್ತಾರೆ. ಸೆಂಟರ್ ಸ್ಟ್ಯಾಂಡ್ ಹಾಕಿದಾಗ ಹಿಂದಿನ ಚಕ್ರ ನೆಲಕ್ಕೆ ತಾಗಿಕೊಂಡೇ ಇರೋದು ಕೂಡ ಇದರದ್ದೇ ಫಲ.

ಹಾಗಾದರೆ ಒಂದು ಸೈಜ್ ಕೂಡ ಏರಿಸಬಾರದಾ? ಏರಿಸಬಹುದು, ಒಂದೇ ಒಂದು. ಆರ್‌ಎಕ್ಸ್‌ನ ಹಿಂದಕ್ಕೆ 3.00-18, ಮುಂದಕ್ಕೆ 2.75-18 ತುಂಬಾ ಜನ ಹಾಕುತ್ತಾರೆ, ರಿಮ್ ಅದನ್ನು ತಡೆದುಕೊಳ್ಳುತ್ತದೆ. 2.75ರ ಬದಲು 80/100-18 ಕೊಟ್ಟರೆ ಅದರ ಎತ್ತರ ಹತ್ತಿರ ಹತ್ತಿರ 3.00-18ರಷ್ಟು ಅಂತ ಲೆಕ್ಕ ಹಾಕಿಕೊಳ್ಳಿ. ಈಗಿನ ಸ್ಪ್ಲೆಂಡರ್‌ಗೂ ಇದೇ ಸೈಜ್, ಹಾಗಾಗಿ ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ, ಇದು ದೊಡ್ಡ ಅನುಕೂಲ. ಬುಲೆಟ್‌ನ ಹಿಂದಕ್ಕೆ 3.50-19 ಹಾಕುವವರೂ ಬಹಳ. ಮುಂದೆ 3.25 ಸಿಗದಿದ್ದರೆ 90/90-19 ನೋಡಬಹುದು, ಎತ್ತರದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಮುಂದಿನ ಟೈರ್ ಬದಲಾಯಿಸುವಾಗ ಸ್ಪೀಡೋಮೀಟರ್ ನೆನಪಿರಲಿ. ಆರ್‌ಎಕ್ಸ್‌ನಂಥ ಗಾಡಿಗಳಲ್ಲಿ ಅದರ ಕೇಬಲ್ ಮುಂದಿನ ಚಕ್ರದಿಂದಲೇ ಬರುತ್ತದೆ. ಆರ್‌ಎಕ್ಸ್‌ಗೆ 2.50ರ ಬದಲು 2.75 ಹಾಕಿದರೆ ಮುಳ್ಳು ಸುಮಾರು 2 ಪರ್ಸೆಂಟ್ ಕಮ್ಮಿ ತೋರಿಸುತ್ತದೆ. ದೊಡ್ಡ ವಿಷಯ ಅಲ್ಲ ಬಿಡಿ.

ಸೈಜ್ ಏರಿಸುವ ಮುಂಚೆ ಜಾಗ ಅಳೆಯಿರಿ. ಚೈನ್ ಅಡ್ಜಸ್ಟರ್ ಪೂರ್ತಿ ಮುಂದಕ್ಕೆ ಇದ್ದಾಗ ಚಕ್ರ ಸ್ವಿಂಗ್ ಆರ್ಮ್‌ಗೆ (ಹಿಂದಿನ ಚಕ್ರ ಹಿಡಿದಿರುವ ಕವಲಿಗೆ) ತೀರಾ ಹತ್ತಿರ ಇರುತ್ತದೆ, ಅಲ್ಲಿಂದಲೇ ನೋಡಬೇಕು. ಎಡಕ್ಕೆ ಚೈನ್ ಮತ್ತು ಚೈನ್ ಕವರ್, ಬಲಕ್ಕೆ ಬ್ರೇಕ್ ರಾಡ್, ಮೇಲೆ ಮಡ್‌ಗಾರ್ಡ್ (ಹಳೆ ಬುಲೆಟ್ ಆದರೆ ಗೇರ್ ಬಲಕ್ಕೆ, ಚೈನ್ ಜೊತೆ ಬ್ರೇಕೂ ಎಡಕ್ಕೆ). ಒಂದು ಬೆರಳು ಸಲೀಸಾಗಿ ತೂರುವಷ್ಟು ಸಂದು ಎಲ್ಲ ಕಡೆ ಉಳಿಯಬೇಕು. ಹಳೆ ಗಾಡಿಯಲ್ಲಿ ಜನ ಮರೆಯೋದು ಮಡ್‌ಗಾರ್ಡ್ ಒಳಗಿನ ಬೋಲ್ಟ್. ನಂಬರ್ ಪ್ಲೇಟಿಗೋ ಲೈಟಿಗೋ ಉದ್ದನೆಯ ಬೋಲ್ಟ್ ಹಾಕಿ ಯಾರೋ ಹಾಗೇ ಬಿಟ್ಟಿರುತ್ತಾರೆ. ಸುಮ್ನೆ ನಿಲ್ಲಿಸಿ ನೋಡಿದರೆ ತಾಗೋದಿಲ್ಲ. ಹಿಂದೆ ಒಬ್ಬರು ಕೂತು ಗುಂಡಿಗೆ ಇಳಿದಾಗ ತಾಗುತ್ತದೆ. ಇಬ್ಬರನ್ನು ಕೂರಿಸಿ ಸಸ್ಪೆನ್ಷನ್ ಒತ್ತಿ ನೋಡಿ. ವೇಗದಲ್ಲಿ ಟೈರ್ ಸ್ವಲ್ಪ ಹಿಗ್ಗುತ್ತದೆ ಅನ್ನೋದನ್ನೂ ಸೇರಿಸಿಕೊಳ್ಳಿ.

ಈಗ ಬಹಳ ಜನ ನೋಡದೇ ಬಿಡುವ ವಿಷಯ. ಸೈಜ್ ಒಂದೇ ಇದ್ದರೂ ಟೈರ್ ಒಂದೇ ಅಲ್ಲ. 2.75-18ರಲ್ಲಿ ಒಂದು 42ಪಿ ಬರುತ್ತದೆ, ಇನ್ನೊಂದು 48ಪಿ ಬರುತ್ತದೆ. ಮೊದಲನೆಯದರ ಮೇಲೆ 4ಪಿಆರ್ ಅಂತಲೂ ಎರಡನೆಯದರ ಮೇಲೆ 6ಪಿಆರ್ ಅಂತಲೂ ಬರೆದಿರುತ್ತದೆ (ಪಿಆರ್ ಅಂದರೆ ಟೈರಿನ ಒಳಪದರಗಳ ಬಲದ ಲೆಕ್ಕ). 42 ಅಂದರೆ ಆ ಟೈರ್ 150 ಕೆಜಿ ಹೊರುತ್ತದೆ, 48 ಅಂದರೆ 180 ಕೆಜಿ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಆರ್‌ಎಕ್ಸ್ 100ರ ತೂಕ 100 ಕೆಜಿ ಚಿಲ್ಲರೆ, ಇಬ್ಬರು ದೊಡ್ಡವರು ಕೂತು ಒಂದು ಬ್ಯಾಗ್ ಇಟ್ಟರೆ 250 ದಾಟುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಮುಕ್ಕಾಲಿಗಿಂತ ಕಮ್ಮಿ ಭಾರ ಹಿಂದಿನ ಚಕ್ರದ ಮೇಲೆ. 42 ಹಾಕಿದರೆ ಮಿತಿ ದಾಟಿ ಹೋಗಬಹುದು. ಅಂಗಡಿಯವರು "ಎರಡೂ ಒಂದೇ ಸಾರ್" ಅನ್ನುತ್ತಾರೆ, ಯಾಕೆಂದರೆ ಸ್ಟಾಕ್‌ನಲ್ಲಿ ಇರೋದು ಅದು. ನೀವೇ ಬಗ್ಗಿ ಓದಿ. ನಂಬರ್ ಆದ ಮೇಲೆ ಬರುವ ಅಕ್ಷರ ವೇಗದ ಮಿತಿ: ಜೆ ಅಂದರೆ 100 ಕಿಮೀ, ಎಲ್ 120, ಪಿ 150, ಎಸ್ 180. ನಮ್ಮ ಹಳೆ ಗಾಡಿಗಳಿಗೆ ಪಿ ಧಾರಾಳ ಸಾಕು.

ಜಾವಾದವರಿಗೆ ಇಲ್ಲೊಂದು ಎಚ್ಚರಿಕೆ. 16 ಇಂಚು ಅಂದ ಕೂಡಲೇ ಕೆಲವರು ಟಿವಿಎಸ್ ಎಕ್ಸ್‌ಎಲ್‌ನ 2.50-16 ತೋರಿಸುತ್ತಾರೆ. ರಿಮ್ ಮೇಲೆ ಕೂರಬಹುದು. ಆದರೆ ಅದರ ಮೇಲೆ ಬರೆದಿರೋದು 41ಎಲ್, ಅಂದರೆ 145 ಕೆಜಿ. ಮೊಪೆಡ್ ಟೈರ್ ಅದು. 250 ಸಿಸಿ ಗಾಡಿಗೆ ಬೇಡವೇ ಬೇಡ. 3.25-16 ಹುಡುಕಬೇಕು, ಸಿಗುವವರೆಗೆ ಕಾಯಬೇಕು, ಬೇರೆ ದಾರಿ ಇಲ್ಲ.

ಹುಡುಕಿ ಸಿಕ್ಕಿದ ಖುಷಿಯಲ್ಲಿ ತಾರೀಖು ನೋಡೋದು ಮರೆಯಬೇಡಿ. ಹಳೆ ಸೈಜ್‌ಗಳು ನಿಧಾನವಾಗಿ ಮಾರಾಟವಾಗುತ್ತವೆ, ಹಾಗಾಗಿ ಗೋಡೌನ್‌ನಲ್ಲೇ ವರ್ಷಗಟ್ಟಲೆ ಕೂತಿರುತ್ತವೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾಗಿದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಮ್ಯೂಸಿಯಂಗೆ ಕೊಡಿ. ಮೂರು ವರ್ಷದೊಳಗಿನದು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಬಹುದು. ಐದು ದಾಟಿದ್ದರೆ ನಾನಾದರೆ ತಗೊಳ್ಳೋದಿಲ್ಲ, ಎಷ್ಟೇ ಡಿಸ್ಕೌಂಟ್ ಕೊಟ್ಟರೂ. ಬದಿಯನ್ನು ಸ್ವಲ್ಪ ಬಗ್ಗಿಸಿ ನೋಡಿ, ಸಣ್ಣ ಬಿರುಕು ಕಂಡರೆ ಮಾತೇ ಬೇಡ. ಕಪ್ಪು ಪಾಲಿಶ್ ಹೊಡೆದು ಮಿರಮಿರ ಮಿಂಚಿಸಿದ್ದರೆ ಅನುಮಾನ ಪಡಿ. ನಿಮ್ಮ ಶೆಡ್‌ನಲ್ಲಿ ನಿಂತಿರುವ ಗಾಡಿಗೂ ಇದೇ ಮಾತು. ಬಟನ್ (ಟೈರಿನ ಮೇಲಿನ ಉಬ್ಬುಗಳು) ಪೂರ್ತಿ ಇದೆ ಅಂತ ಹತ್ತು ವರ್ಷದ ಟೈರ್ ಮೇಲೆ ಮಳೆಗಾಲದಲ್ಲಿ ಘಾಟಿ ಇಳಿಯಬೇಡಿ. ರಬ್ಬರ್ ಗಟ್ಟಿಯಾಗಿದ್ದರೆ ಒದ್ದೆ ರೋಡಿನಲ್ಲಿ ಬಟನ್ ಎಷ್ಟಿದ್ದರೂ ಅಷ್ಟೇ.

ರೀಬಟನ್ ಮಾಡಿದ, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಕೂರಿಸಿದ ಟೈರ್ ಬಗ್ಗೆಯೂ ಕೇಳುತ್ತೀರಿ. ಬೈಕಿನ ಮುಂದಿನ ಚಕ್ರಕ್ಕೆ ಖಂಡಿತ ಬೇಡ. ಹಿಂದಕ್ಕೂ ಬೇಡ ಅಂತಲೇ ನನ್ನ ಅಭಿಪ್ರಾಯ. ಬೆಂಗಳೂರಿನವರಾದರೆ ಜೆಸಿ ರೋಡ್ ಕಡೆ ಒಂದು ಸುತ್ತು ಹೊಡೆದರೆ ಅಪರೂಪದ ಸೈಜ್ ಬಗ್ಗೆ ಸುಳಿವಾದರೂ ಸಿಗುತ್ತದೆ. ಎಲ್ಲಿ ತಗೊಂಡರೂ ಐಎಸ್‌ಐ ಮಾರ್ಕ್ ಇದೆಯಾ ನೋಡಿ, ಬಿಲ್ ಕೇಳಿ.

ಮುಂದಕ್ಕೆ ಯಾವ ನಮೂನೆ, ಹಿಂದಕ್ಕೆ ಯಾವುದು? ಹಳೆ ಗಾಡಿಗಳ ಮುಂದಿನ ಟೈರಿನಲ್ಲಿ ಉದ್ದುದ್ದ ಗೆರೆಗಳು ಇರುತ್ತಿದ್ದವು, ಹಿಂದಿನದರಲ್ಲಿ ಬಟನ್. ಅದಕ್ಕೆ ಕಾರಣ ಇದೆ. ಮುಂದಿನ ಚಕ್ರದ ಕೆಲಸ ದಾರಿ ಹಿಡಿಯೋದು, ಪಕ್ಕಕ್ಕೆ ಜಾರದೇ ಇರೋದು. ಹಿಂದಿನದರ ಕೆಲಸ ತಳ್ಳೋದು. ಈಗಿನ ಟೈರ್‌ಗಳಲ್ಲಿ ಎರಡಕ್ಕೂ ಆಗುವ ನಮೂನೆಗಳಿವೆ, ಅವೂ ಸರಿ. ಕೊಡಗು, ಚಿಕ್ಕಮಗಳೂರು ಕಡೆ ತೋಟದ ಮಣ್ಣು ದಾರಿಯಲ್ಲೇ ದಿನಾ ಓಡಿಸುವವರು ಹಿಂದಕ್ಕೆ ದೊಡ್ಡ ಬಟನ್ ಹಾಕಿಕೊಳ್ಳಲಿ. ಸ್ಟೈಲ್‌ಗೆ ಅಂತ ಟಾರ್ ರೋಡಿನ ಗಾಡಿಯ ಮುಂದಕ್ಕೆ ಅದನ್ನು ಹಾಕಿದರೆ ಬ್ರೇಕ್ ಹಿಡಿದಾಗ ಬಟನ್‌ಗಳು ಬಾಗುತ್ತವೆ, ಹ್ಯಾಂಡಲ್ ತೇಲಿದ ಹಾಗೆ ಆಗುತ್ತದೆ. ಹಳೆ ಡ್ರಮ್ ಬ್ರೇಕ್ ಮೊದಲೇ ಅಷ್ಟಕ್ಕಷ್ಟೆ. ಒಂದು ಚಕ್ರಕ್ಕೆ ರೇಡಿಯಲ್, ಇನ್ನೊಂದಕ್ಕೆ ಮಾಮೂಲಿ ನೈಲಾನ್ ಟೈರ್ ಅಂತ ಬೆರೆಸೋದೂ ಬೇಡ.

ಟ್ಯೂಬ್‌ಲೆಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕಡ್ಡಿ ಚಕ್ರಕ್ಕೆ ಟ್ಯೂಬ್ ಬೇಕು, ಅಷ್ಟೇ. ಟ್ಯೂಬ್‌ಲೆಸ್ ಟೈರ್ ಒಳಗೆ ಟ್ಯೂಬ್ ಹಾಕಿ ಓಡಿಸಬಹುದು, ಟೈರ್ ಕಂಪನಿ ಬೇಡ ಅನ್ನದಿದ್ದರೆ. ಕಡ್ಡಿ ತೂತುಗಳಿಗೆ ಗಮ್ ಟೇಪ್ ಸುತ್ತಿ ಟ್ಯೂಬ್ ತೆಗೆದುಬಿಡುವ ಐಡಿಯಾ ಮಾತ್ರ ಹಳೆ ರಿಮ್ಮಿಗೆ ಬೇಡ. ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಟೈರಿನ ಅಂಚು ಒಳಕ್ಕೆ ಜಾರದ ಹಾಗೆ ಒಂದು ಸಣ್ಣ ದಿಬ್ಬ ಇರುತ್ತದೆ. ಹಳೆ ರಿಮ್ಮಿನಲ್ಲಿ ಅದು ಇಲ್ಲ. ಗಾಳಿ ಹೋದ ಕೂಡಲೇ ಟೈರ್ ಕಳಚಿಕೊಳ್ಳಬಹುದು.

ಹೊಸ ಟೈರ್ ಜೊತೆ ಹೊಸ ಟ್ಯೂಬ್ ತಗೊಳ್ಳಿ. ಹಳೆ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದಲ್ಲೇ ಬಿಡುತ್ತದೆ. ಟ್ಯೂಬ್ ಮೇಲೆ 2.75/3.00-18 ಅಂತ ಎರಡು ಸೈಜ್ ಬರೆದಿದ್ದರೆ ಗಾಬರಿ ಬೇಡ, ಎರಡಕ್ಕೂ ಆಗುತ್ತದೆ. ಟೈರ್ ಬಿಚ್ಚಿದಾಗ ರಿಮ್ಮಿನ ಒಳಗೆ ಕೈಯಾಡಿಸಿ. ತುಕ್ಕಿನ ಹೊಪ್ಪಳೆ ಇದ್ದರೆ ಉಜ್ಜಿಸಿ, ಕಡ್ಡಿಯ ತುದಿ ಮೇಲೆ ಬಂದಿದ್ದರೆ ಅರ ಹಾಕಿಸಿ, ರಿಮ್ ಪಟ್ಟಿ ಹರಿದಿದ್ದರೆ ಹೊಸದು ಹಾಕಿಸಿ. ಹಳೆ ಗಾಡಿಯಲ್ಲಿ "ಮೊಳೆಯೇ ಇಲ್ಲ, ಆದ್ರೂ ಪಂಕ್ಚರ್" ಆಗೋದು ಹೆಚ್ಚಾಗಿ ಇಲ್ಲಿಂದಲೇ. ಚಕ್ರ ಬೆಂಡ್ ಇದ್ದರೆ ಇದೇ ಹೊತ್ತಿನಲ್ಲಿ ಕಡ್ಡಿ ಟೈಟ್ ಮಾಡಿಸಿ ಬೆಂಡ್ ತೆಗೆಸಿಬಿಡಿ.

ಹಾಕುವಾಗ ಪಕ್ಕದಲ್ಲೇ ನಿಂತು ನೋಡಿ. ಬದಿಯಲ್ಲಿ ಬಾಣದ ಗುರುತು ಇರುತ್ತದೆ, ಚಕ್ರ ತಿರುಗುವ ದಿಕ್ಕು ಅದು. ಎರಡಕ್ಕೂ ಆಗುವ ಟೈರಿನಲ್ಲಿ ಮುಂದಕ್ಕೊಂದು ಬಾಣ, ಹಿಂದಕ್ಕೊಂದು ಬಾಣ ಎದುರುಬದುರು ಇರುತ್ತವೆ, ಅದು ಪ್ರಿಂಟಿಂಗ್ ತಪ್ಪಲ್ಲ. ಹಿಂದಿನ ಚಕ್ರ ನೆಲವನ್ನು ತಳ್ಳುತ್ತದೆ, ಮುಂದಿನದು ಬ್ರೇಕ್ ಹಿಡಿದಾಗ ತಡೆಯುತ್ತದೆ, ಎರಡರ ಒತ್ತಡವೂ ಉಲ್ಟಾ ದಿಕ್ಕಿನದು, ಅದಕ್ಕೇ ಹಾಗೆ. ಬಣ್ಣದ ಚುಕ್ಕೆ ಇದ್ದರೆ ಅದನ್ನು ವಾಲ್ವ್ ಹತ್ತಿರ ಬರುವ ಹಾಗೆ ಕೂರಿಸಲಿ. ಅಂಚಿಗೆ ಸೋಪಿನ ನೀರು ಹಚ್ಚಲಿ, ವೇಸ್ಟ್ ಆಯಿಲ್ ಬೇಡ, ಎಣ್ಣೆ ರಬ್ಬರ್ ತಿನ್ನುತ್ತದೆ. ಗಾಳಿ ತುಂಬಿದ ಮೇಲೆ ರಿಮ್ಮಿನ ಅಂಚಿಗೆ ತಾಗಿಕೊಂಡು ಟೈರ್ ಮೇಲೆ ಒಂದು ಸಣ್ಣ ಗೆರೆ ಸುತ್ತಲೂ ಕಾಣುತ್ತದೆ. ಆ ಗೆರೆಗೂ ರಿಮ್ಮಿಗೂ ಅಂತರ ಎಲ್ಲ ಕಡೆ ಒಂದೇ ಇರಬೇಕು. ಒಂದು ಕಡೆ ಒಳಗೆ ಮುಳುಗಿದ್ದರೆ ಗಾಳಿ ಬಿಟ್ಟು, ಸೋಪು ಹಚ್ಚಿ, ಮತ್ತೆ ತುಂಬಿಸಬೇಕು. "ಓಡಿಸ್ತಾ ಓಡಿಸ್ತಾ ಕೂರುತ್ತೆ" ಅನ್ನೋದನ್ನು ಒಪ್ಪಬೇಡಿ. ವಾಲ್ವ್‌ನ ನಟ್ ಅನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲೆ ಕ್ಯಾಪ್ ಹತ್ತಿರವೇ ಬಿಡಿ. ಟೈರ್ ರಿಮ್ ಮೇಲೆ ಜರುಗಿದರೆ ವಾಲ್ವ್ ವಾರೆಯಾಗಿ ನಿಮಗೆ ಕಾಣುತ್ತದೆ. ಬಿಗಿದಿದ್ದರೆ ಕಾಣೋದಿಲ್ಲ, ಸೀದಾ ಕಿತ್ತುಕೊಂಡು ಬರುತ್ತದೆ.

ಗಾಳಿಯನ್ನು ಗಾಡಿಯ ಪುಸ್ತಕದಲ್ಲಿ ಇರುವಷ್ಟೇ ಹಾಕಿ. ಹಳೆ ಬುಲೆಟ್‌ಗೆ ಮುಂದೆ 18ರಿಂದ 20, ಹಿಂದೆ 28ರಿಂದ 30 ಪೌಂಡ್. ಪೆಟ್ರೋಲ್ ಬಂಕಿನಲ್ಲಿ ಕೇಳದೇ ಎರಡಕ್ಕೂ 35 ತುಂಬಿಬಿಡುತ್ತಾರೆ, ಆಮೇಲೆ ಗಾಡಿ ಕುಣಿಯುತ್ತದೆ ಅಂತ ಶಾಕ್ ಅಬ್ಸಾರ್ಬರ್ ಬೈಯುತ್ತೇವೆ.

ಮೊದಲ 150 ಕಿಲೋಮೀಟರ್ ನಿಧಾನ. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮಳೆಯಲ್ಲಂತೂ ಜಾರುತ್ತದೆ. ಅಷ್ಟು ಓಡಿಸಿದ ಮೇಲೆ ಒಮ್ಮೆ ಗಾಳಿ ನೋಡಿ, ಚೈನ್ ಸಡಿಲ ಆಗಿದೆಯಾ ನೋಡಿ, ಹಿಂದಿನ ಬ್ರೇಕ್ ಪ್ಲೇಟ್ ಹಿಡಿದುಕೊಂಡಿರುವ ರಾಡ್‌ನ ನಟ್ ಮತ್ತು ಪಿನ್ ಜಾಗದಲ್ಲಿ ಇವೆಯಾ ನೋಡಿ. ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬಿಚ್ಚಿ ಹಾಕುವಾಗ ಬಿಟ್ಟುಹೋಗೋದು ಹೆಚ್ಚಾಗಿ ಆ ಪಿನ್ನೇ.